ಸೊನ್ನೆಗೆ ತಿರುಗುವ ಮಿಷನ್

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಉಮ್ಮೆ ಕುಲ್ಸುಂ ಶಿವಾಜಿನಗರದ ತಮ್ಮ ಅಂಗಡಿಯಲ್ಲಿ ಕೂತು, ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಗೆರೆ ಎಳೆಯುತ್ತಿದ್ದರು. ಬಾಣಸವಾಡಿಯ ಅಪಾರ್ಟ್‌ಮೆಂಟೊಂದರ ನೀರಿನ ಪಂಪಿನ ಕೆಲಸ ಅದು. ಪರೀಕ್ಷೆಗೆಂದು ಪಂಪಿನ ಬದಲಿಗೆ ಮೇಜಿನ ಮೇಲೊಂದು ಬಲ್ಬು ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು.

ಅಂಗಡಿ ಮೊದಲು ಮೋಟಾರ್ ವೈಂಡಿಂಗಿನದು. ಗಂಡ ಅಕ್ತರ್ ತೀರಿಕೊಂಡ ಮೇಲೆ ತಾಮ್ರದ ತಂತಿ ಸುತ್ತುವುದನ್ನು ಕುಲ್ಸುಂ ಅವರೇ ಮುಂದುವರಿಸಿದರು. ಸುತ್ತುವಾಗ ಲೆಕ್ಕ ತಪ್ಪದಿರಲು ಬಾಯಿಬಿಟ್ಟು ಎಣಿಸಬೇಕು. ಹಾಗಾಗಿ ಯಾವ ಕೆಲಸ ಮುಗಿಸಿದರೂ ಅದರ ಅಳತೆಯನ್ನು ಗಟ್ಟಿಯಾಗಿ ಹೇಳಿಯೇ ಏಳುವುದು ಅವರ ರೂಢಿಯಾಯಿತು. ರಿಪೇರಿಗೆ ಬರುವವರು ಕಡಿಮೆಯಾದಾಗ ಅಂಗೈಯಗಲದ ಕಂಪ್ಯೂಟರುಗಳಾದ ಲಿನಕ್ಸ್ ಬೋರ್ಡುಗಳನ್ನು ಕಲಿತರು. ಸಾಲುಸಾಲಾಗಿ ಕೋಡ್ ಬರೆಯುವುದು ಹಿಡಿಸಲಿಲ್ಲ. ಚೌಕಗಳನ್ನು ಗೆರೆಗಳಿಂದ ಜೋಡಿಸಿದರೂ ಬೋರ್ಡಿನ ಪಿನ್ನುಗಳು ಮಾತು ಕೇಳುತ್ತವೆ ಎಂದು ತಿಳಿದ ದಿನ, "ಅರೆ, ಇದು ವೈಂಡಿಂಗ್ ನಕ್ಷೆನೇ!" ಅಂದಿದ್ದರು. ಗುಂಡಿ ಒತ್ತಿದ ಸುದ್ದಿ ಒಂದು ಚೌಕದಲ್ಲಿ ಹುಟ್ಟಿ, ಗೆರೆಯ ಮೇಲೆ ಸಾಗಿ, ಪಿನ್ನಿನ ಚೌಕ ಮುಟ್ಟುತ್ತದೆ. ಪಿನ್ನು ರಿಲೇ ಎಂಬ ಸ್ವಿಚ್ಚನ್ನು ಎಳೆಯುತ್ತದೆ, ರಿಲೇ ಮೋಟಾರನ್ನು ಓಡಿಸುತ್ತದೆ. ಎಲ್ಲವೂ ಕಣ್ಣೆದುರಿಗೇ ಇದೆ ಎಂದು ಅವರು ನಂಬಿದ್ದರು.

ಕರೆಂಟು ಬಂತು. ಬೋರ್ಡು ನಿಧಾನಕ್ಕೆ ಎಚ್ಚರಗೊಂಡಿತು. ಟಕ್ ಎಂದು ರಿಲೇ ಬಡಿದು, ಯಾರೂ ಗುಂಡಿ ಮುಟ್ಟದೆಯೇ ಬಲ್ಬು ಹತ್ತಿತು.

"ಯಾ ಅಲ್ಲಾ" ಎನ್ನುತ್ತ ಕುಲ್ಸುಂ ಪಿನ್ನಿನ ಚೌಕವನ್ನು ತೆರೆದು ನೋಡಿದರು. ಆರಂಭದ ಸ್ಥಿತಿ: ಸೊನ್ನೆ. ಅವರ ಹಳೆಯ ರಿಲೇಗಳಿಗೆ ಸೊನ್ನೆ ಎಂದರೆ ಆಫ್. ಈಗ ಸಿಗುವ ಈ ರಿಲೇಗೆ ಸೊನ್ನೆ ಎಂದರೆ ಆನ್. ಇದೇ ರಿಲೇಯನ್ನು ಎರಡು ದಿನದ ಹಿಂದೆ ಹೊಸ ತಿಪ್ಪಸಂದ್ರದ ಬೇಕರಿಯಲ್ಲಿ, ಹಿಟ್ಟು ಕಲಸುವ ಮಿಷನ್ನಿಗೆ ಬೋರ್ಡಿನ ಸಮೇತ ಹಾಕಿ ಬಂದಿದ್ದರು. ಅದು ಉಲ್ಟಾ ಎಂದು ಅಲ್ಲೇ ಗೊತ್ತಾಗಿತ್ತು. ಗೆರೆಯ ನಡುವೆ, ಬಂದದ್ದನ್ನು ತಿರುವಿ ಕಳಿಸುವ ಒಂದು ಚೌಕ ಸೇರಿಸಿದ್ದರು. ಆದರೆ ಆರಂಭದ ಸೊನ್ನೆ ಗೆರೆಯ ಮೇಲೆ ಬರುವುದಿಲ್ಲ. ಅದು ಪಿನ್ನಿನ ಚೌಕದ ಒಳಗೇ ಇರುತ್ತದೆ. ಅಂದು ತಿದ್ದಿದ ಭಾಗವನ್ನಷ್ಟೇ ಬೋರ್ಡಿಗೆ ಕಳಿಸಿದ್ದರಿಂದ ಪಿನ್ನಿನ ಚೌಕ ಹೊಸದಾಗಿ ಶುರುವಾಗಲೇ ಇಲ್ಲ. ಒಮ್ಮೆ ಕರೆಂಟು ಹೋಗಿ ಬರಲಿ ಎಂದು ಸೊನ್ನೆ ಅಲ್ಲಿ ಕಾಯುತ್ತಿತ್ತು.

ಬೇಕರಿಯ ಹಳೇ ಸ್ಟಾರ್ಟರ್ ಕರೆಂಟು ಹೋದರೆ ತಾನೇ ಕಳಚಿಕೊಳ್ಳುತ್ತಿತ್ತು. ಹಸಿರು ಗುಂಡಿ ಒತ್ತದೆ ಮಿಷನ್ ಮತ್ತೆ ಏಳುತ್ತಿರಲಿಲ್ಲ. ಅದಕ್ಕೇ ಅಲ್ಲಿನ ಕೆಲಸದವರಿಗೆ ಕರೆಂಟು ಹೋದ ಹೊತ್ತೇ ಮಿಷನ್ ಕೆರೆದು ತೊಳೆಯುವ ಹೊತ್ತು. ಆ ಸ್ಟಾರ್ಟರನ್ನು ಬಿಚ್ಚಿ ಮೂಲೆಗಿಟ್ಟವರು ಕುಲ್ಸುಂ.

ಮಾಲೀಕ ಅಮೃತಪ್ಪನವರು ಫೋನ್ ಎತ್ತಲಿಲ್ಲ. ಹಿಟ್ಟು ಕಲಸುವ ಶರಣಬಸವ ಎತ್ತಿದ. ಕಲಬುರಗಿ ಕಡೆಯವನು, ಕಗ್ಗದಾಸಪುರದಲ್ಲಿ ಬಾಡಿಗೆ ಕೋಣೆ ಹಿಡಿದವನು.

"ಶರಣಬಸವ, ಅಲ್ಲಿ ಕರೆಂಟ್ ಇದ್ಯಾ?"

"ಇಲ್ರಿ ಅಕ್ಕಾರ, ಈಗೇ ಹೋಯ್ತು. ಹಿಟ್ಟು ಕೆರಿಲಾಕತ್ತೀನ್ರಿ. ಫೋನ್ ಸ್ಪೀಕರ್‌ಗೆ ಹಾಕೀನಿ, ಹೇಳ್ರಿ."

"ಕೈ ಹೊರಗ್ ತೆಗಿ."

"ಯಾಕ್ರಿ?"

"ಕರೆಂಟ್ ಬಂದ್ರೆ ಅದೇ ತಿರುಗ್ಬಿಡತ್ತೆ. ತೆಗಿ ಮೊದ್ಲು!"

ಅವನು ನಕ್ಕ. "ಗುಂಡಿ ಒತ್ತಲಾರ್ದ ಹ್ಯಾಂಗ್ ತಿರುಗ್ತದ್ರಿ? ನಾಕು ವರ್ಷ ಆಯ್ತು ಈ ಮಿಷನ್ ತೊಳೀಲಾಕತ್ತಿ, ಒಮ್ಮೀನೂ ನನ್ನ ಕಚ್ಚಿಲ್ಲ."

"ಆ ಮಿಷನ್ ಅಲ್ಲ ಅದು ಈಗ. ಮೇನ್ ಸ್ವಿಚ್ ಇಳಿಸು, ನಿನ್ ಕಾಲಿಗ್ ಬೀಳ್ತೀನಿ!"

"ಛೇ, ಏನ್ ಮಾತ್ರಿ ಇದು. ತಳದಾಗ ಇಷ್ಟು ಅಂಟ್ಯದ, ಕೆರ್ದು ಇಳಸ್ತೀನಿ." ಕೆರೆಯುವ ತಗಡು ಕಬ್ಬಿಣಕ್ಕೆ ಉಜ್ಜುವ ಸದ್ದು ಕೇಳುತ್ತಿತ್ತು. ಆಮೇಲೆ ಫೋನಿನೊಳಗೆ ದೊಡ್ಡ ಫ್ಯಾನೊಂದು ಗುಂಯ್ಯೆಂದಿತು. "ಬಂತ್ ನೋಡ್ರಿ ಕರೆಂಟು! ನಿಮ್ಮ ಬಾಯಿ ಭಾಳ ಚಲೋ ಅದ."

ಕುಲ್ಸುಂ ಕಿರುಚಿದರು. ತಗಡಿನ ಸದ್ದು ನಿಲ್ಲಲಿಲ್ಲ. ಅವರು ಮತ್ತೆ ಮತ್ತೆ ಕಿರುಚಿದರು. ಫ್ಯಾನಿನ ಗದ್ದಲದಲ್ಲಿ ಅವನಿಗೆ ಒಂದು ಮಾತೂ ಕೇಳಿಸಲಿಲ್ಲ.

"ಏನೂ ಕೇಳವಲ್ದ್ರಿ. ತಡೀರಿ, ಕಿವಿಗೆ ಹಿಡೀತೀನಿ."

ಟಕ್. ಆಮೇಲೆ ಕಬ್ಬಿಣ ನರಳಿದಂಥ ಸದ್ದು. ಫೋನು ಎಲ್ಲೋ ಬಿತ್ತು.

ಕುಲ್ಸುಂ ಆಟೋ ಹತ್ತಿ ಹಲಸೂರು ದಾಟುವವರೆಗೂ ಕರೆ ಮಾಡುತ್ತಲೇ ಇದ್ದರು. ಉತ್ತರವಿಲ್ಲ.

ಬೇಕರಿಯಲ್ಲಿ ಅಮೃತಪ್ಪ ಮೇನ್ ಸ್ವಿಚ್ ಇಳಿಸಿ, ಅದರ ಮುಂದೆಯೇ ನಿಂತಿದ್ದರು. ಮೈದಾ ಮೂಟೆಯ ಮೇಲೆ ಶರಣಬಸವ ಕೂತಿದ್ದ. ಎರಡೂ ಕೈ ಇದ್ದವು. ಫೋನ್ ಹಿಡಿಯಲೆಂದು ತಗಡನ್ನು ಒಳಗೇ ಬಿಟ್ಟು ಕೈ ಎತ್ತಿದ್ದ, ಅಷ್ಟೆ. ತಗಡು ಮಿಷನ್ನಿನ ಕೊಕ್ಕೆಗೆ ಸಿಕ್ಕಿ ಕಟ್ಟಿದ ಬೀಡಾದಂತೆ ಮಡಚಿ ಹೋಗಿತ್ತು.

ಕುಲ್ಸುಂ ಹಳೇ ಸ್ಟಾರ್ಟರನ್ನು ಮೂಲೆಯಿಂದ ಎತ್ತಿ ತಂದು, ಒರೆಸಿ, ಮೋಟಾರಿನ ದಾರಿಯಲ್ಲಿ ಮತ್ತೆ ಕೂರಿಸಿದರು. ಸ್ವಿಚ್ ಇಳಿಸಿ, ಏರಿಸಿ, ಕಾದು, ಮಿಷನ್ ಏಳುವುದಿಲ್ಲ ಎಂಬುದನ್ನು ನೋಡಿದರು. ಆದರೂ ಶರಣಬಸವ ಅದರ ಹತ್ತಿರ ಬರಲಿಲ್ಲ.

"ಅಕ್ಕಾರ, ಕರೆಂಟು ಬಂದ ಮ್ಯಾಲ ಎಷ್ಟೊತ್ತಿಗೆ ತಿರುಗ್ತದ್ರಿ ಇದು?" ಎಂದು ಕೇಳಿದ.

ಉತ್ತರ ಕೊಟ್ಟವರು ಅಮೃತಪ್ಪ, ಕುಲ್ಸುಂ ಅವರದೇ ಮಾತಿನಲ್ಲಿ. ಎರಡು ದಿನದ ಹಿಂದೆ, ಕರೆಂಟು ಹೋಗಿ ಬಂದರೆ ಬೋರ್ಡನ್ನು ಯಾರು ಶುರು ಮಾಡಬೇಕು ಎಂದು ಅವರು ಕೇಳಿದ್ದರು. ಕೆಲಸ ಮುಗಿಸಿ ಎದ್ದ ಕುಲ್ಸುಂ ಆಗ ಇಡೀ ಬೇಕರಿಗೆ ಕೇಳುವಂತೆ ಹೇಳಿದ್ದರು: "ಯಾರೂ ಬೇಡ ಸಾರ್, ಅದೇ ಏಳತ್ತೆ. ನಲವತ್ತು ಸೆಕೆಂಡು."