ಬಿಟ್ಟರೆ ಬಲಕ್ಕೆ

ಸಲೂನಿನ ಹಿಂದಿನ ಕೋಣೆಗೆ ಕಾಲಿಟ್ಟವರ ಮೂಗಿಗೆ ಮೊದಲು ಬಡಿಯುವುದು ರೆಸಿನ್ ಅಂಟಿನ ವಾಸನೆ. ಮುಂದಿನ ಕೋಣೆಯಲ್ಲಿ ಪೌಡರು, ಶೇವಿಂಗ್ ಕ್ರೀಮು, ಹಳೆಯ ಪತ್ರಿಕೆಗಳು. ನಡುವೆ ಒಂದು ಪರದೆ. ಪರದೆಯ ಈಚೆಗೆ ಅವನು ಜನರ ತಲೆ ನೋಡಿಕೊಳ್ಳುತ್ತಾನೆ, ಆಚೆಗೆ ತನ್ನ ತಲೆ ಕೆಡಿಸಿಕೊಳ್ಳುತ್ತಾನೆ. ಎರಡೂ ಕಡೆಯವರು ಅವನನ್ನು ಕರೆಯುವುದು ಕತ್ತರಿ ಎಂದೇ. ಸ್ವಂತ ಹೆಸರು ಹಿಡಿದು ಕರೆದರೆ ಅವನು ತಿರುಗಿ ನೋಡುತ್ತಾನೋ ಇಲ್ಲವೋ ಅನುಮಾನ.

ಅವನು ಕಟ್ಟುವುದು ರಿಮೋಟಿನಿಂದ ಓಡುವ ಬೋಟುಗಳನ್ನು. ಆಟದ ಸಾಮಾನು ಅಂದುಬಿಟ್ಟೀರಿ, ಅವತ್ತು ನಿಮ್ಮ ಕಟಿಂಗ್ ನೆಟ್ಟಗಾಗುವುದಿಲ್ಲ. ತೋಳುದ್ದದ ಕ್ಯಾಟಮರಾನ್ ಅದು: ಸಪೂರವಾದ ಎರಡು ಒಡಲು ಅಕ್ಕಪಕ್ಕ, ನಡುವೆ ಖಾಲಿ ಜಾಗ, ಮೇಲೆ ಎರಡಕ್ಕೂ ಸೇರಿ ಒಂದೇ ಮುಚ್ಚಳ. ವೇಗ ಹೆಚ್ಚಿದಂತೆ ಆ ಖಾಲಿ ಜಾಗಕ್ಕೆ ಗಾಳಿ ನುಗ್ಗಿ ಬೋಟನ್ನು ಎತ್ತುತ್ತದೆ. ಆಗ ಅದು ನೀರನ್ನು ಬರೀ ಸವರಿಕೊಂಡು ಹೋಗುತ್ತದೆ, ರಸ್ತೆಯ ಮೇಲಿನ ಕಾರನ್ನೂ ಹಿಂದೆ ಹಾಕುವಷ್ಟು ಜೋರಾಗಿ. ಗಾಳಿ ಸ್ವಲ್ಪ ಹೆಚ್ಚಾಯಿತೋ, ಮುಗಿಯಿತು, ಲಾಗ ಹೊಡೆದು ಅಂಗಾತ ಬೀಳುತ್ತದೆ. ಎಷ್ಟು ಎತ್ತಬೇಕು, ಎಷ್ಟು ಬಿಡಬೇಕು ಎಂದು ಹೊಂದಿಸುವುದರಲ್ಲೇ ಅವನ ಅರ್ಧ ಆಯಸ್ಸು ಕಳೆದಿದೆ.

ಕಸುಬಿನ ಗುಣ ಎಲ್ಲಿ ಹೋಗುತ್ತದೆ? ಒಡಲನ್ನು ಉಜ್ಜಿ ನಯ ಮಾಡಿದ ಮೇಲೆ ಕಣ್ಣು ಮುಚ್ಚಿ ಬೆರಳ ಹಿಂಬದಿಯಿಂದ ಸವರಿ ನೋಡುತ್ತಾನೆ, ಶೇವ್ ಆದ ಗಲ್ಲವನ್ನು ನೋಡುವ ಹಾಗೆ. ಪ್ರೊಪೆಲರಿನ ಅಂಚನ್ನು ಕತ್ತಿ ಮಸೆಯುವ ಚರ್ಮದ ಪಟ್ಟಿಯ ಮೇಲೆಯೇ ಮಸೆಯುತ್ತಾನೆ. ಎಡ ಒಡಲು ಕೆತ್ತಿ ಮುಗಿಸಿದ ಮೇಲೆ ಬಲದ್ದಕ್ಕೆ ನಕ್ಷೆ ಬೇಡ. ಎಡದ್ದನ್ನು ಸಲೂನಿನ ಕನ್ನಡಿಯ ಮುಂದಿಟ್ಟು, ಕನ್ನಡಿಯಲ್ಲಿ ಕಂಡದ್ದನ್ನು ಕೆತ್ತುತ್ತಾನೆ. ಒಂದು ಸಲ ಮಾತ್ರ ಗಿರಾಕಿಯ ಜೊತೆ ಹರಟುತ್ತ, ಕನ್ನಡಿ ಬಿಟ್ಟು ಎದುರಿಗಿದ್ದದ್ದನ್ನೇ ನೋಡಿ ಕೆತ್ತಿ, ಎರಡೂ ಎಡ ಒಡಲೇ ಮಾಡಿಟ್ಟ. "ಎರಡೂ ಕಾಲಿಗೆ ಎಡಗಾಲಿನ ಚಪ್ಪಲಿ ಹಾಕ್ಕೊಂಡು ಎಲ್ಲಿಗೋ ಹೊರಟಿದೆ ನಿನ್ನ ಬೋಟು?" ಎಂದು ಅವನ ಅಕ್ಕ ಇವತ್ತಿಗೂ ಕಾಲೆಳೆಯುತ್ತಾಳೆ.

ಇಷ್ಟೆಲ್ಲ ಬಲ್ಲವನಿಗೆ ಬೋಟು ಓಡಿಸಲು ಮಾತ್ರ ಬಾರದು. ದೂರ ಹೋಗುವಾಗ ಎಲ್ಲ ಸರಿ. ತಿರುಗಿ ನಮ್ಮ ಕಡೆ ಬರುವಾಗ ಅದರ ಬಲ ನಮ್ಮ ಎಡವಾಗುತ್ತದೆ. ದಿನವಿಡೀ ಕನ್ನಡಿ ನೋಡುವವನಿಗೆ ಇದು ನೀರು ಕುಡಿದಷ್ಟು ಸುಲಭವಾಗಬೇಕಿತ್ತು. ಆದರೆ ಬೋಟು ಎದುರು ಬಂತೆಂದರೆ ಕತ್ತರಿ ಗಾಬರಿಬಿದ್ದು ಕಣ್ಣು ಮುಚ್ಚಿಬಿಡುತ್ತಾನೆ. ಹಾಗಾಗಿ ಕಟ್ಟುವುದು ಇವನು, ಪಂದ್ಯಗಳಲ್ಲಿ ಓಡಿಸುವುದು ಅಕ್ಕನ ಗಂಡ. ಭಾವ ಬಸ್ ಡ್ರೈವರು. "ನಾನೆಲ್ಲಿ ದಡದಲ್ಲಿ ನಿಂತಿರ್ತೀನಿ? ಬೋಟಲ್ಲೇ ಕೂತಿರ್ತೀನಿ. ನನ್ನ ಬಲ ಯಾವಾಗ್ಲೂ ನನ್ನ ಬಲವೇ," ಅನ್ನುತ್ತಿದ್ದರು. ಅಕ್ಕನ ಮದುವೆಯ ಹೊಸದರಲ್ಲಿ, ತನ್ನನ್ನು ಕಂಡರೆ ಬಾಗಿಲ ಹಿಂದೆ ಅವಿತುಕೊಳ್ಳುತ್ತಿದ್ದ ಪುಟ್ಟ ಭಾವಮೈದನಿಗೆ, ಗುಜರಿಗೆ ಹೊರಟಿದ್ದ ಬಸ್ಸೊಂದರ ವೈಪರ್ ಮೋಟರ್ ಬಿಚ್ಚಿ ತಂದುಕೊಟ್ಟವರೂ ಅವರೇ. ಅದನ್ನು ಹಾಕಿ ಅವನು ಮಾಡಿದ ಮೊದಲ ಬೋಟು ನೀರಿನ ತೊಟ್ಟಿಯಲ್ಲಿ ಗಿರಗಿರನೆ ಸುತ್ತಿ ಮುಳುಗಿತು. ಭಾವ ಚಪ್ಪಾಳೆ ತಟ್ಟಿದ್ದರು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಮಾತು ಬೇಗ ವಾಪಸು ಬಂತು, ಕಾಲು ಕುಂಟುತ್ತ ಬಂತು, ಬಲಗೈ ಮಾತ್ರ ಕೈಕೊಟ್ಟಿತು. ಬಸ್ಸಿನ ಕೆಲಸ ಹೋಯಿತು. ಆಮೇಲೆ ಭಾವ ಹೊಸ್ತಿಲು ದಾಟುವುದನ್ನೇ ಬಿಟ್ಟರು. ಸಲೂನಿಗೆ ಬನ್ನಿ ಎಂದರೆ, "ಅಷ್ಟು ದೊಡ್ಡ ಕನ್ನಡೀಲಿ ಈ ಮುಖ ಯಾಕೋ ನೋಡ್ಲಿ?" ಅಂದರು. ಕತ್ತರಿಯೇ ದಿನ ಬಿಟ್ಟು ದಿನ, ಅಂಗಡಿ ತೆರೆಯುವ ಮೊದಲು, ಮನೆಗೆ ಹೋಗಿ ಶೇವ್ ಮಾಡಿ ಬರುತ್ತಿದ್ದ. ಜೋತುಬಿದ್ದ ಗಲ್ಲವನ್ನು ಹೆಬ್ಬೆರಳಿನಿಂದ ಎತ್ತಿ ಹಿಡಿದು ಕತ್ತಿ ಆಡಿಸುವಾಗ ಅವನು ಭಾವನ ಕಣ್ಣು ನೋಡುತ್ತಿರಲಿಲ್ಲ. ಬಾಯಲ್ಲಿ ಮಾತ್ರ ಬೋಟಿನ ಸುದ್ದಿಯೇ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಊಟದ ಮೇಜಿನ ಮೇಲೆ ಮಡಚಿದ ಟವಲ್ ಇಟ್ಟು, ಅದರ ಮೇಲೆ ಭಾವನ ಬಲಗೈ ಇಡಿಸಿ, "ತಳ್ಳಿ, ಮುಂದಕ್ಕೆ ತಳ್ಳಿ" ಅನ್ನುತ್ತಿದ್ದರು. ತಮ್ಮ ಕಡೆಗೆ ಎಳೆದುಕೊಳ್ಳಲು ಭಾವನಿಗೆ ಆಗುತ್ತಿತ್ತು. ತಳ್ಳಲು ಕೂದಲೆಳೆಯಷ್ಟೂ ಆಗುತ್ತಿರಲಿಲ್ಲ. ಕೆಲವು ತಿಂಗಳು ಹಲ್ಲು ಕಚ್ಚಿ ನೋಡಿದರು. ಕೊನೆಗೊಂದು ದಿನ ಟವಲನ್ನು ಎಡಗೈಯಲ್ಲಿ ಎತ್ತಿ ಬಿಸಾಕಿ, "ಟವಲ್ ತಳ್ಕೊಂಡು ಯಾವ ಊರಿಗೆ ಹೋಗ್ಬೇಕು ನಾನು?" ಎಂದು ಎದ್ದುಹೋದರು. ಮತ್ತೆ ಆ ಮೇಜಿನ ಹತ್ತಿರ ವ್ಯಾಯಾಮಕ್ಕೆ ಕೂರಲಿಲ್ಲ.

ಎಳೆಯಲು ಬರುವ, ತಳ್ಳಲು ಬಾರದ ಆ ಕೈ ಕತ್ತರಿಯ ತಲೆಯಲ್ಲಿ ಕೂತುಬಿಟ್ಟಿತು. ಬೋಟಿನ ರಿಮೋಟನ್ನು ಎಡಗೈಯಲ್ಲಿ ಪಿಸ್ತೂಲಿನ ಹಾಗೆ ಹಿಡಿಯಬೇಕು. ವೇಗವೆಲ್ಲ ಎಡ ತೋರುಬೆರಳಲ್ಲಿ. ಬಲಬದಿಗೆ ಒಂದು ಪುಟ್ಟ ಚಕ್ರ. ಬಲಗೈಯಿಂದ ಅದನ್ನು ಮುಂದಕ್ಕೆ ತಳ್ಳಿದರೆ ಬೋಟು ಬಲಕ್ಕೆ, ತನ್ನ ಕಡೆ ಎಳೆದರೆ ಎಡಕ್ಕೆ, ಬಿಟ್ಟರೆ ನೆಟ್ಟಗೆ. ಪಂದ್ಯದಲ್ಲಾದರೋ ಎಲ್ಲ ಬೋಟುಗಳೂ ನೀರಲ್ಲಿ ತೇಲಿಬಿಟ್ಟ ಕಿತ್ತಳೆ ಬಣ್ಣದ ಡಬ್ಬಗಳನ್ನು ಬಲಕ್ಕೇ ಸುತ್ತಬೇಕು. ಅಂದರೆ ಪ್ರತಿ ತಿರುವಿಗೂ ತಳ್ಳಬೇಕು. ಒಬ್ಬ ಗಿರಾಕಿಯ ಅರ್ಧ ಮೀಸೆ ಕತ್ತರಿಸಿ ನಿಂತಿದ್ದಾಗ ಕತ್ತರಿಗೆ ಹೊಳೆಯಿತು: ಬಿಟ್ಟರೆ ಬೋಟು ಬಲಕ್ಕೇ ತಿರುಗಲಿ, ಎಳೆದು ಹಿಡಿದರೆ ನೆಟ್ಟಗೆ ಹೋಗಲಿ! ಉಳಿದರ್ಧ ಮೀಸೆ ಅವತ್ತು ಬಹಳ ಹೊತ್ತು ಕಾಯಬೇಕಾಯಿತು.

ಚಕ್ರದ ಹಳೆಯ ಸ್ಪ್ರಿಂಗ್ ತೆಗೆದು, ಬಿಟ್ಟೊಡನೆ ತಾನಾಗಿ ವಾಪಸು ಹೋಗುವಂತೆ ಬಿಗಿಯಾದದ್ದನ್ನು ಹಾಕಿದ. ಚುಕ್ಕಾಣಿಯನ್ನು ಮೊದಲೇ ಬಲಕ್ಕೆ ಓರೆ ಮಾಡಿ ಕೂರಿಸಿದ, ತಿರುವಿಗೆ ಎಷ್ಟು ಬೇಕೋ ಸರಿಯಾಗಿ ಅಷ್ಟು. ಅದಕ್ಕಿಂತ ಹೆಚ್ಚು ತಿರುಗಿದರೆ ಬೋಟು ಮಗುಚುವುದು ಖಂಡಿತ. ಬೇರೆ ಯಾರಿಗಾದರೂ ಕಟ್ಟಿಕೊಡುವುದಾಗಿದ್ದರೆ ಚಕ್ರ ಇನ್ನೂ ಮುಂದಕ್ಕೆ ಹೋಗದಂತೆ ಅಲ್ಲೊಂದು ತಡೆ ಇಡುತ್ತಿದ್ದ. ಇದಕ್ಕೆ ಇಡಲಿಲ್ಲ. ತಳ್ಳುವವರು ಯಾರು, ತಡೆ ಯಾಕೆ ಅಂದುಕೊಂಡ.

ವಿಷಯ ಕೇಳಿ ಅಕ್ಕ ಮುಖ ಗಂಟಿಕ್ಕಿದಳು. "ತಳ್ಳೋದೇ ಬೇಡ ಅನ್ನೋ ಹಾಗೆ ಮಾಡ್ಕೊಟ್ಟಿದ್ದೀಯ. ಇನ್ನು ಆ ಕೈ ಯಾಕೋ ತಳ್ಳುತ್ತೆ?"

"ಅಕ್ಕಾ, ಅವರು ಮನೆಯಿಂದ ಆಚೆ ಬಂದ್ರೆ ಸಾಕು ಅಂತ..."

"ಬರ್ಲಿ. ನಾನೇನು ಬೇಡ ಅಂದ್ನಾ? ಆದ್ರೆ ಆ ಕೈಯ ಆಸೆ ನೀನು ಬಿಟ್ಟುಬಿಟ್ಟೆ. ಅದೇ ನನಗೆ ಸಂಕಟ."

ಕತ್ತರಿ ಶೇವಿಂಗ್ ಬ್ರಷ್ ತೊಳೆಯತೊಡಗಿದ. ಆಗಲೇ ತೊಳೆದಾಗಿದ್ದ ಬ್ರಷ್ ಅದು.

ಭಾವನನ್ನು ಒಪ್ಪಿಸಲು ಸಾಕುಬೇಕಾಯಿತು. ಊರಾಚೆ ಕಲ್ಲು ತೆಗೆದು ಬಿಟ್ಟ ದೊಡ್ಡ ಹೊಂಡದಲ್ಲಿ, ಯಾರೂ ಇರದ ಹೊತ್ತಿನಲ್ಲಿ ಮಾತ್ರ ಎಂಬ ಕರಾರಿನ ಮೇಲೆ ಬಂದರು. ಮೊದಮೊದಲು ಬೋಟು ತೊಟ್ಟಿಯಲ್ಲಿ ಮುಳುಗಿದ ಅದರ ಹಿರಿಯಣ್ಣನ ಹಾಗೆ ಗಿರಗಿರನೆ ಸುತ್ತಿತು. ಭಾವ ಎಳೆದು ಹಿಡಿದರು. ಬೋಟು ನೆಟ್ಟಗೆ ಹಾರಿತು. ಬಿಟ್ಟರು, ಡಬ್ಬವನ್ನು ಬಳಸಿ ತಿರುಗಿತು. ಎದುರು ಬಂದಾಗಲೂ ಅವರ ಬಲ ಅವರ ಬಲವೇ ಆಗಿತ್ತು. "ಲೇ, ಬರ್ತಿದೆ ಕಣೋ," ಎಂದು ಸೊಟ್ಟ ಬಾಯಲ್ಲೇ ನಕ್ಕರು. ಆ ನಗು ಕಂಡು ತಿಂಗಳುಗಳೇ ಆಗಿದ್ದವು. ಕತ್ತರಿ ಬ್ಯಾಟರಿ ಬದಲಿಸುವ ನೆಪದಲ್ಲಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಆಮೇಲೆ ಪಂದ್ಯದ ಮಾತು ತೆಗೆದವರು ಭಾವನೇ. "ಹೋಗೋಣ. ಆದ್ರೆ ಒಂದು ಮಾತು. ಎಲ್ಲರ ಮುಂದೆ ಈ ಕೈ ನನ್ನ ಮಾನ ಕಳೀತೋ, ಮತ್ತೆ ನೀನು ನನ್ನನ್ನ ಎಲ್ಲಿಗೂ ಕರೀಬೇಡ. ಅಲ್ಲಿಗೆ ಮುಗೀತು."

ಭಾವ ಅಂದರೆ ಅಂದ ಹಾಗೆ ಮಾಡುವವರೇ. ಪಂದ್ಯದ ದಿನ ಕತ್ತರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಹೊಂಡದ ದಡದಲ್ಲಿ ಮಡಚುವ ಮೇಜು ಹಾಕಿ, ಸಾಮಾನು ಹರಡಿ, ಪ್ರತಿ ಸ್ಕ್ರೂ ಮುಟ್ಟಿ ಮುಟ್ಟಿ ನೋಡಿದ. ಬೋಟು ಒರೆಸಲು ಟವಲ್ ಹಿಡಿದು ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಹಳೆಯ ಪರಿಚಯದವರು ಬಂದು ಭಾವನ ಎಡಗೈ ಕುಲುಕಿ, ಬಲಗೈ ಕಡೆ ನೋಡದ ಹಾಗೆ ನೋಡಿ ಹೋದರು.

ಸೀಟಿ ಊದಿದರು. ಬೋಟುಗಳು ಕಿರುಚುತ್ತ ಹೊರಟವು. ಮೊದಲ ಸುತ್ತು ಸರಾಗ, ಎರಡನೆಯದರಲ್ಲಿ ಭಾವ ಇಬ್ಬರನ್ನು ಹಿಂದೆ ಹಾಕಿದರು. "ಹೋಗ್ತಿದೆ, ಹೋಗ್ತಿದೆ," ಎಂದು ಕತ್ತರಿ ಬಾಯೊಳಗೇ ಗೊಣಗಿಕೊಂಡ. ಆಮೇಲಿನ ತಿರುವಿನಲ್ಲಿ ಸೈಕಲ್ ಶಾಪಿನವನ ನೀಲಿ ಬೋಟು ಹಿಡಿತ ತಪ್ಪಿ, ಅಡ್ಡಡ್ಡ ಜಾರುತ್ತ ಭಾವನ ಬೋಟಿನ ಮೇಲೆಯೇ ಬಂತು. ಭಾವನ ಬೋಟು ಥಟ್ಟನೆ ಬಲಕ್ಕೆ ಮುರಿದುಕೊಂಡಿತು, ಡಬ್ಬಕ್ಕಿಂತ ಎಷ್ಟೋ ಒಳಗೆ. ಒಂದು ಒಡಲು ನೀರಲ್ಲಿ ಕಚ್ಚಿಕೊಂಡಿತು, ಇನ್ನೊಂದು ಮೇಲೆದ್ದಿತು, ಬೋಟು ಪಲ್ಟಿ ಹೊಡೆದು ಹೊಟ್ಟೆ ಮೇಲೆ ಮಾಡಿ ಬಿತ್ತು.

ದಡದಲ್ಲಿ ಯಾರೋ ಅಯ್ಯೋ ಅಂದರು. ಮುಗಿಯಿತು, ಇನ್ನು ಇವರು ಹೊರಗೆ ಬರುವುದಿಲ್ಲ ಎಂದುಕೊಂಡೇ ಕತ್ತರಿ ಓಡಿಬಂದ. "ಭಾವ, ನಂದೇ ತಪ್ಪು. ಸ್ಪ್ರಿಂಗ್ ಬಿಗಿ ಜಾಸ್ತಿಯಾಯ್ತು. ಚುಕ್ಕಾಣಿ ಜಾರಿರ್ಬೇಕು, ನಾನು ಸರಿಯಾಗಿ ಕೂರಿಸ್ಲಿಲ್ಲ, ನಿಮ್ಮ ಕೈದು ಏನೂ..."

"ಸ್ವಲ್ಪ ಬಾಯಿ ಮುಚ್ತೀಯಾ?" ಅಂದರು ಭಾವ. ಅವರು ನೀರಿನ ಕಡೆ ನೋಡುತ್ತಿರಲಿಲ್ಲ, ತಮ್ಮ ಬಲಗೈಯನ್ನೇ ನೋಡುತ್ತಿದ್ದರು. "ಚುಕ್ಕಾಣಿ ಜಾರ್ಲಿಲ್ಲ. ಆ ನೀಲಿ ಬೋಟು ಮೈಮೇಲೆ ಬಂತಲ್ಲ, ನಾನು ತಳ್ಳಿದೆ."

"ಏನು?"

"ತಳ್ಳಿದೆ ಕಣೋ. ಬಸ್ಸಲ್ಲಿ ಯಾರಾದ್ರೂ ಅಡ್ಡ ಬಂದ್ರೆ ಹೆಂಗೆ ಕೈ ಹೋಗ್ತಿತ್ತೋ ಹಂಗೇ ಹೋಯ್ತು."

ಕತ್ತರಿಗೆ ತಾನು ಇಡದೆ ಬಿಟ್ಟ ತಡೆ ನೆನಪಾಯಿತು. ಬೋಟಿನ ಒಂದೊಂದು ಸ್ಕ್ರೂ ನಂಬಿದವನು ಭಾವನ ಕೈಯನ್ನು ನಂಬಿರಲಿಲ್ಲ. ಅದು ಅವನಿಗೆ ನಾಚಿಕೆಯನ್ನೂ, ಹೇಳಲಾರದಷ್ಟು ಸಂತೋಷವನ್ನೂ ಒಟ್ಟಿಗೇ ತಂದಿತು.

ಭಾವ ಕುಂಟುತ್ತ ಮೇಜಿನ ಹತ್ತಿರ ಹೋದರು. ಸಾಮಾನನ್ನೆಲ್ಲ ಎಡಗೈಯಿಂದ ಪಕ್ಕಕ್ಕೆ ಸರಿಸಿ, ಹೆಂಡತಿಗೆ, "ಆ ಟವಲ್ ಮಡಚಿ ಇಲ್ಲಿಡು," ಅಂದರು. ಅವಳು ಇಟ್ಟಳು. ಅವರು ಅದರ ಮೇಲೆ ಬಲಗೈ ಇಟ್ಟರು. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು, ಏನೂ ಆಗಲಿಲ್ಲ. ಕತ್ತರಿ ಕಣ್ಣು ಮುಚ್ಚಲು ಹೋದವನು ಮುಚ್ಚಲಿಲ್ಲ. ಟವಲ್ ಅಲುಗಿತು. ಎರಡು ಬೆರಳಗಲ ಮುಂದಕ್ಕೆ ಹೋಗಿ ನಿಂತಿತು.

"ಕಂಡ್ಯಾ?" ಅಂದಳು ಅಕ್ಕ, ಗಂಡನಿಗಲ್ಲ, ತಮ್ಮನಿಗೆ. ಹೇಳಿದವಳೇ ಗೊಳೋ ಎಂದು ಅತ್ತಳು.

"ಹಳೇ ಸ್ಪ್ರಿಂಗ್ ಇಟ್ಟಿದ್ದೀಯಾ, ಬಿಸಾಕಿದ್ಯಾ?" ಎಂದು ಕೇಳಿದರು ಭಾವ.

"ಇದೆ ಭಾವ."

"ಅದನ್ನೇ ಹಾಕು, ಚುಕ್ಕಾಣೀನೂ ಮೊದಲಿನ ಹಾಗೆ ಕೂರಿಸು. ಬಿಟ್ಟರೆ ಬೋಟು ನೆಟ್ಟಗೆ ಹೋಗ್ಲಿ. ತಿರುಗಿಸೋದು ನಾನು ನೋಡ್ಕೋತೀನಿ."

ಪಂದ್ಯ ನಡೆಸುವವರು ಮೈಕಿನಲ್ಲಿ ಆಗಿನಿಂದ ಕೂಗುತ್ತಲೇ ಇದ್ದರು, ಮಗುಚಿದ ಬೋಟು ಯಾರದ್ದು, ಬಂದು ತೆಗೆದುಕೊಂಡು ಹೋಗಿ ಎಂದು. ಮೇಜಿನ ಸುತ್ತ ನಿಂತ ಮೂವರಿಗೂ ಅದು ಕೇಳಿಸಲಿಲ್ಲ. ಭಾವ ಟವಲನ್ನು ಮತ್ತೆ ತಮ್ಮ ಹತ್ತಿರಕ್ಕೆ ಎಳೆದುಕೊಂಡು, ಇನ್ನೊಂದು ಸಲ ತಳ್ಳಲು ಶುರು ಮಾಡಿದ್ದರು.