ಬಿಚ್ಚಲು ಬರುವ ಸೇತುವೆ

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಹಾಗೆಂದು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ಇಲ್ಲಿ ನಾಸಿಕ್ ಕಡೆ, ಓಝರಿನಿಂದ ಪಿಂಪಳಗಾಂವ್ ಬಸವಂತದವರೆಗೆ ಹೆದ್ದಾರಿಯ ಎರಡೂ ಕಡೆ ನನ್ನ ಕೈಯ ಗೇಟುಗಳಿವೆ, ದ್ರಾಕ್ಷಿ ತೋಟದ ಕಬ್ಬಿಣದ ಚಪ್ಪರಗಳಿವೆ, ಈರುಳ್ಳಿ ತುಂಬಿಡುವ ಶೆಡ್ಡುಗಳಿವೆ. ವೆಲ್ಡಿಂಗ್ ಬಿಟ್ಟಿತು ಎಂದು ಹೇಳಿಕೊಂಡು ಇವತ್ತಿನವರೆಗೆ ಒಬ್ಬನೂ ನನ್ನ ಅಂಗಡಿ ಮುಂದೆ ಬಂದು ನಿಂತಿಲ್ಲ. ಬಾಗಲಕೋಟೆ ಕಡೆಯಿಂದ ಬರಿಗೈಯಲ್ಲಿ ಬಂದವನಿಗೆ ಇಷ್ಟು ಸೊಕ್ಕು ಇರಬಾರದು ಎನ್ನುವವರು ಅನ್ನಲಿ.

ನಾವು ಬಾಡಿಗೆಗಿದ್ದ ಮನೆಗಳ ಸಾಲು ಕಾಲುವೆಯ ಈ ದಂಡೆಗಿತ್ತು. ಮಗಳ ಶಾಲೆ ಆ ದಂಡೆಗೆ. ಮನೆಯ ಹಿತ್ತಲಿನಿಂದ ಕೂಗಿದರೆ ಶಾಲೆಯ ಅಂಗಳಕ್ಕೆ ಕೇಳಬೇಕು, ಅಷ್ಟು ಹತ್ತಿರ. ಕಾಲುವೆಗೆ ಸರದಿಯ ಮೇಲೆ ನೀರು ಬಿಡುತ್ತಿದ್ದರು. ನೀರು ಇಲ್ಲದಾಗ ಮಕ್ಕಳು ತಳಕ್ಕಿಳಿದು ಆ ಕಡೆ ಹತ್ತಿ ಓಡುತ್ತಿದ್ದರು. ನೀರು ಬಂದ ಮೇಲೆ ಎರಡು ಮೂರು ವಾರ ದಡಕ್ಕೆ ದಡ ತುಂಬಿ ಹರಿಯುತ್ತಿತ್ತು. ಆಗ ಕಾಲುವೆಗೆ ಅಡ್ಡಲಾಗಿ ಹಾದುಹೋಗಿದ್ದ ಕುಡಿಯುವ ನೀರಿನ ದಪ್ಪ ಪೈಪಿನ ಮೇಲೆ ಕೈ ಚಾಚಿಕೊಂಡು ನಡೆಯುತ್ತಿದ್ದರು. ಒಂದು ಸಲ ಒಬ್ಬ ಹುಡುಗಿ ಜಾರಿ ಬಿದ್ದಳು. ದೇವರು ದೊಡ್ಡವನು, ಕೆಳಗಡೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಜಡೆ ಹಿಡಿದು ಎಳೆದುಕೊಂಡರು. ಮರುದಿನವೇ ಕಾಲುವೆಯ ಕಾವಲುಗಾರ ಬಂದು ಪೈಪಿಗೆ ಮುಳ್ಳುತಂತಿ ಸುತ್ತಿ ಹೋದ. ಅವನು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ.

ಉಳಿದದ್ದು ಹೆದ್ದಾರಿಯ ಮೇಲಿನ ಸೇತುವೆ. ಅಲ್ಲಿಗೆ ಸುತ್ತಿ ಬರಬೇಕು. ಆಗ ಹೆದ್ದಾರಿಯ ಅಗಲೀಕರಣ ನಡೆದಿತ್ತು. ನಡೆಯುವವರಿಗೆ ಅಂಚೇ ಇರಲಿಲ್ಲ, ಮೈಗೆ ತಾಗುವಂತೆ ಲಾರಿಗಳು. ಹತ್ತು ವರ್ಷದ ಮಗಳನ್ನು ಆ ದಾರಿಯಲ್ಲಿ ಕಳಿಸಲು ಹೆಂಡತಿ ಒಪ್ಪಲಿಲ್ಲ. ನಾನು ಬೆಳಗಾಗುತ್ತಲೇ ಕೆಲಸಕ್ಕೆ ಹೋಗುವವನು. ಹೀಗಾಗಿ ನೀರು ಬಿಟ್ಟಾಗಲೆಲ್ಲ ಮಗಳು ಮನೆಯಲ್ಲೇ ಉಳಿದಳು. ಶಾಲೆಯ ಬಾಯಿ, ಅಂದರೆ ಟೀಚರು, ನನ್ನನ್ನು ಕರೆಸಿ, ಹೀಗೇ ಆದರೆ ಹಾಜರಿ ಪುಸ್ತಕದಿಂದ ಹೆಸರು ತೆಗೆಯಬೇಕಾಗುತ್ತದೆ ಎಂದರು. ಅಂದು ಸಂಜೆ ಹೆಂಡತಿ ರೊಟ್ಟಿ ತಟ್ಟುತ್ತ ನನ್ನ ಮುಖ ನೋಡದೆ ಹೇಳಿದಳು: "ನಮ್ಮವ್ವನ ಕಡೆ ಕಳಿಸಿಬಿಡ್ತೀನ್ರಿ. ಅಲ್ಲೇ ಕಲೀಲಿ. ಬೇಸಿಗಿ ಸೂಟಿ ತನಕಾ ನೋಡೂಣು."

ಇದ್ದೊಬ್ಬ ಮಗಳು. ಊಟ ಬಿಟ್ಟು ಹಿತ್ತಲಿಗೆ ಹೋಗಿ ಕಾಲುವೆಯನ್ನು ನೋಡುತ್ತ ನಿಂತೆ.

ನಿಜ ಹೇಳಬೇಕೆಂದರೆ ನನ್ನನ್ನು ಉರಿಸಿದ್ದು ಇನ್ನೊಂದು ವಿಷಯ. ಆ ಕಾಲುವೆ ಅಗಲವೇನಲ್ಲ. ನನಗೆ ಎರಡು ರವಿವಾರ ಕೊಟ್ಟರೆ ಅದರ ಮೇಲೆ ಕಬ್ಬಿಣದ ಸೇತುವೆ ಕೂರಿಸಬಲ್ಲೆ. ಆದರೆ ಸರ್ಕಾರದ ಕಾಲುವೆಯ ದಂಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಅಪ್ಪಣೆ ಬೇಕು. ಕೈಯಲ್ಲಿರುವ ಕೆಲಸಕ್ಕೆ ಕಾಗದದ ಮೇಲೆ ಕೈ ಮುಗಿಯಬೇಕೆ ಎಂದು ಗೊಣಗಿಕೊಂಡೇ, ನಾಸಿಕ್ ರೋಡಿನಲ್ಲಿದ್ದ ಒಬ್ಬ ಬ್ಯಾಂಕಿನ ಸಾಹೇಬರ ಮನೆಗೆ ಹೋದೆ. ಧಾರವಾಡದವರು, ವರ್ಗವಾಗಿ ಬಂದಿದ್ದರು. ಅವರ ಮನೆಯ ಕಿಟಕಿಗಳಿಗೆ ನಾನು ಜಾಲರಿ ಮಾಡಿಕೊಟ್ಟಿದ್ದೆ.

ಸಾಹೇಬರು ಕಾಗದ, ಪೆನ್ನು ತೆಗೆದುಕೊಂಡು ಕೂತರು. "ಏನು ಬೇಕು ಹೇಳ್ರಿ."

"ಸಿಮೆಂಟಿನ ಸೇತುವಿ. ಲಾರಿ ಹೋಗೂವಂಥದ್ದು."

"ಲಾರಿ ಯಾಕ್ರೀ? ಹುಡುಗ್ರು ದಾಟಿದ್ರ ಸಾಕಾಗತದಲ್ಲ?"

"ಕೇಳೂದು ಕೇಳತೇವಿ, ತುಂಡು ರೊಟ್ಟಿ ಯಾಕ ಕೇಳೂಣ್ರಿ ಸಾಹೇಬ್ರ? ನಾವೇನು ಭಿಕ್ಷಾ ಬೇಡಾಕತ್ತೇವೇನು?"

ಅವರು ನಕ್ಕು ಬರೆದರು. ಇಂಗ್ಲಿಷಿನಲ್ಲಿ ಎರಡು ಪುಟ. ನಾವು ಇಲ್ಲಿಗೆ ಬಂದದ್ದು, ದುಡಿದದ್ದು, ತೆರಿಗೆ ಕೊಟ್ಟದ್ದು, ನಮ್ಮನ್ನು ಯಾರೂ ಕೇಳದೇ ಇದ್ದದ್ದು, ಎಲ್ಲವನ್ನೂ ಹೇಳಿ ಬರೆಸಿದೆ. ಸೇತುವೆಯ ಮಾತು ಎರಡನೆಯ ಪುಟದ ಕೊನೆಗೆ ಬಂತು. ಸಹಿಗೆಂದು ಮನೆ ಮನೆ ತಿರುಗಿದೆ. ಎಲ್ಲರೂ ಸಂತೋಷದಿಂದ ಹಾಕಿದರು, ಬಿಜಾಪುರದವರು, ಮಾಲೇಗಾಂವಿನಿಂದ ಬಂದು ಸೀರೆ ಮಾರುತ್ತಿದ್ದವರು, ಹಮಾಲರು. ಹಾಳೆ ತುಂಬಿ ಇನ್ನೊಂದು ಹಾಳೆ ಅಂಟಿಸಬೇಕಾಯಿತು. ಅದನ್ನು ನೋಡಿ ನನಗೆ ಸೇತುವೆ ಅರ್ಧ ಕಟ್ಟಿದಷ್ಟೇ ಹಿಗ್ಗು.

ಆ ಪತ್ರ ಇಲ್ಲಿನ ಕಚೇರಿಯಿಂದ ಮೇಲಿನ ಕಚೇರಿಗೆ ಹೋಯಿತಂತೆ. ಮೇಲಿನದು ಈಗಿನ ಛತ್ರಪತಿ ಸಂಭಾಜಿನಗರದಲ್ಲಿತ್ತು, ಆಗ ಅದನ್ನು ಔರಂಗಾಬಾದ್ ಎನ್ನುತ್ತಿದ್ದರು. ಅಲ್ಲಿಂದ ಉತ್ತರವಿಲ್ಲ. ಎರಡು ಸರದಿ ನೀರು ಬಂದು ಹೋಯಿತು. ಕೊನೆಗೆ ಒಂದು ದಿನದ ಕೆಲಸ ಬಿಟ್ಟು ಮೊದಲ ಬಸ್ಸು ಹತ್ತಿದೆ. ಯೇವಲೆ, ವೈಜಾಪುರ ದಾಟಿ ಅಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಕಚೇರಿಯಲ್ಲಿ ಈ ಮೇಜು, ಆ ಮೇಜು. ಊಟದ ಹೊತ್ತಾಯಿತು ನಂತರ ಬನ್ನಿ ಎಂದಾಗ ಗೋಡೆಗೆ ಒರಗಿ, "ಎಂಥಾ ಮಂದಿ ಅದಾರಪಾ ಇವರು" ಎಂದು ನನ್ನಷ್ಟಕ್ಕೇ ಅಂದುಕೊಂಡೆ.

"ಯಾರಿಗಿ ಬೈಲಾಕತ್ತೀರಿ? ನಮಗೋ, ಗ್ವಾಡಿಗೋ?"

ತಿರುಗಿ ನೋಡಿದರೆ ನಕಾಶೆ ಬರೆಯುವ ಮೇಜಿನ ಹಿಂದೆ ಒಬ್ಬ ನರೆಗೂದಲಿನವರು ಡಬ್ಬಿ ಬಿಚ್ಚಿ ಕೂತಿದ್ದರು. ಅಕ್ಕಲಕೋಟೆಯವರು. ಮನೆ ಮಾತು ಕನ್ನಡ. ಅರ್ಧ ಚಪಾತಿ ನನ್ನ ಕೈಗೆ ಕೊಟ್ಟು ವಿಷಯ ಕೇಳಿದರು. ಊಟ ಮುಗಿದ ಮೇಲೆ ಕಡತಗಳ ನಡುವಿನಿಂದ ನಮ್ಮ ಪತ್ರವನ್ನು ಹುಡುಕಿ ತಂದು, ಕನ್ನಡಕ ಏರಿಸಿ, ಎರಡೂ ಪುಟ ಓದಿದರು.

"ನಿಮ್ಮ ಮಗಳು ಸಾಲಿಗೆ ಹ್ಯಾಂಗ ಹೋಗ್ತಾಳ್ರಿ?"

"ನಡಕೊಂಡು."

"ಹಂಗೇನು? ನಾ ಎಲ್ಲೋ ಲಾರಿ ಹೊಡಕೊಂಡು ಹೋಗ್ತಾಳ ಅಂದಕೊಂಡಿದ್ದೆ."

ನನ್ನ ಕಿವಿ ಬಿಸಿಯಾಯಿತು. ಅವರು ಮುಂದುವರಿಸಿದರು. "ಲಾರಿ ಸೇತುವಿ ಕೊಡೂದು ನಮ್ಮ ಸಾಹೇಬ್ರ ಕೈಯಾಗಿಲ್ಲ. ಜಾಗಾ ಬೇಕು, ರಸ್ತೆದವರು ಬೇಕು, ಮುಂಬೈತನಾ ಹೋಗಬೇಕು. ಅದಕ್ಕ ಇದು ಇಲ್ಲೇ ಮಲಕೊಂಡದ. ಕಾಲುಸೇತುವಿ ಕೇಳಿದ್ರ ಅವರದೊಂದು ಸಹಿ ಸಾಕಾಗ್ತಿತ್ತು."

"ಹಂಗಾರ ಕಾಲುಸೇತುವಿ ಅಂತ ಬರೀತೇನ್ರಿ. ಕಬ್ಬಿಣ ನಂದು, ಕೆಲಸಾ ನಂದು. ಅಪ್ಪಣಿ ಒಂದು ಕೊಡ್ರಿ ಸಾಕು."

"ನಿಂದರ್ರಿ. ಸಾಹೇಬ್ರಿಗಿ ಅಂಜಿಕಿ ಏನದ ಗೊತ್ತೇನು? ವರ್ಷಕ್ಕೊಮ್ಮಿ ಕಾಲುವಿದಾಗ ಹೂಳು ತಗಿಯೂ ಮಷೀನು ಬರತದ. ನಿಮ್ಮ ಸೇತುವಿ ಅಡ್ಡ ಬಂತು ಅಂದ್ರ ಯಾರು ತಗೀಬೇಕು? ತಗೀಲಿಕ್ಕಿ ಹ್ವಾದ್ರ ಊರಿಗಿ ಊರೇ ಬಂದು ಅದರ ಮ್ಯಾಲ ಕೂಡತದ."

"ನಾ ಮಾಡಿದ್ದು ತಗಿಯಾಕ ಬರಂಗಿಲ್ರಿ. ನನ್ನ ವೆಲ್ಡಿಂಗ್ ಕಿತ್ತು ಬಂದದ್ದು ಯಾರೂ ನೋಡಿಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದನ್ನs ಬರೀರಿ ಮತ್ತ. ಅಪ್ಪಣಿ ಸಿಗೂದs ಇಲ್ಲ."

ವಾಪಸ್ಸು ಬರುವ ಬಸ್ಸಿನಲ್ಲಿ ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಗೇಟಿನ ಕೆಲಸಕ್ಕೆ ಬಂದವರನ್ನು ನಾನು ಮೊದಲು ಕೇಳುವುದೇ, ಗೇಟು ಒಳಗೆ ತೆರೆಯಬೇಕೋ ಹೊರಗೋ, ಎತ್ತಿನಗಾಡಿ ಬರುತ್ತದೋ ಟ್ರ್ಯಾಕ್ಟರೋ ಎಂದು. ಕೇಳದೆ ಒಂದು ಸಲಾಕೆಯನ್ನೂ ಕತ್ತರಿಸುವುದಿಲ್ಲ. ಈ ಪತ್ರ ಓದುವ ಸಾಹೇಬರ ಕೈಯಲ್ಲಿ ಏನಿದೆ, ಅವರ ತೊಂದರೆ ಏನು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ನನ್ನ ಕಷ್ಟ ದೊಡ್ಡದು, ಆದ್ದರಿಂದ ಅವರು ಕೊಡಬೇಕು, ಇಷ್ಟೇ ನನ್ನ ಲೆಕ್ಕ.

ಆದರೂ ಸಾಹೇಬರ ಅಂಜಿಕೆ ಹೋಗಲೆಂದು ಸೇತುವೆಯನ್ನು ಬಿಚ್ಚುವಂತೆ ಮಾಡುವುದೆಂದರೆ ಮನಸ್ಸು ಒಪ್ಪಲಿಲ್ಲ. ಬೋಲ್ಟು ಹಾಕಿ ಜೋಡಿಸಿದ ಸೇತುವೆ ನನ್ನ ಕಣ್ಣಿಗೆ ಜಾತ್ರೆಯ ಅಂಗಡಿಯ ಹಾಗೆ ಕಾಣುತ್ತಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಬಿಚ್ಚೂವಂಗ ಮಾಡಿದ್ರ ಹುಡುಗಿ ಅದರ ಮ್ಯಾಲ ಹೋಗಾಕ ಬರತೈತೋ ಇಲ್ಲೋ?" ಎಂದು ಕೇಳಿದಳು.

"ಬರತೈತಿ. ಆನೀನೂ ಹೋಗತೈತಿ."

"ಮತ್ತ ಇನ್ನೇನು ಬೇಕ್ರಿ ನಿಮಗ? ಸೇತುವಿ ಬೇಕೋ, ಮೆರವಣಿಗಿ ಬೇಕೋ?"

ಆ ರವಿವಾರ ಮತ್ತೆ ಬ್ಯಾಂಕಿನ ಸಾಹೇಬರ ಮನೆಗೆ ಹೋದೆ. ಈ ಸಲ ಮರಾಠಿಯಲ್ಲಿ ನಾನೇ ಬರೆಯುತ್ತೇನೆ, ದಾರಿ ಮಾತ್ರ ತೋರಿಸಿ ಎಂದೆ. ಬಿಲ್ಲು ಬರೆದು ಬರೆದು ಮರಾಠಿ ಅಕ್ಷರ ನನ್ನ ಕೈಗೆ ಹತ್ತಿತ್ತು. ಸಾಹೇಬರು ಮೇಲ್ಗಡೆಯ ಒಕ್ಕಣೆ ಹೇಳಿಕೊಟ್ಟರು: ಯಾರಿಗೆ, ಯಾರಿಂದ, ವಿಷಯ, ಹಿಂದಿನ ಪತ್ರದ ಸಂಖ್ಯೆ. ನಾನು ಮತ್ತೆ ನಮ್ಮ ಕಷ್ಟದಿಂದಲೇ ಶುರು ಮಾಡಿದಾಗ ತಡೆದರು.

"ಏನು ಬೇಕು ಅನ್ನೂದು ಮೊದಲನೇ ಸಾಲಿನಾಗ ಇರಲಿ. ದಿನಾ ಇಂಥ ಪತ್ರ ನಾನೂ ಓದತೀನಿ. ಮೊದಲನೇ ಸಾಲು ಓದಿ ಚಹಾ ಕುಡೀಲಿಕ್ಕೆ ಎದ್ದುಬಿಡತೀವಿ."

ಹಾಗೆಯೇ ಬರೆದೆ. ಕಾಲುಸೇತುವೆಗೆ ಅಪ್ಪಣೆ ಬೇಕು. ಯಾಕೆ ಬೇಕೆಂದು ಮೂರು ಸಾಲು: ನೀರು ಬಂದಾಗ ಈ ದಂಡೆಯ ಮಕ್ಕಳು ಶಾಲೆ ತಪ್ಪಿಸಿಕೊಳ್ಳುತ್ತಾರೆ, ನೀರು ನಿಂತಾಗ ನೋಡಲು ಬಂದವರಿಗೆ ಅದು ತಿಳಿಯುವುದಿಲ್ಲ, ನೀರಿನ ದಿನ ಬಂದು ನೋಡಬೇಕು. ಆಮೇಲೆ ಅಳತೆ. ಕಾಲುವೆಯ ತಳದಲ್ಲಿ ಕಂಬವಿಲ್ಲ. ಎಲ್ಲ ಜೋಡಣೆಯೂ ಬೋಲ್ಟಿನದು. ಕೊನೆಯ ಸಾಲು ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. 'ತಮ್ಮ ಮಷೀನು ಬರುವುದಿದ್ದರೆ ಎರಡು ದಿನ ಮೊದಲು ಹೇಳಿ ಕಳಿಸಿದರೆ ಸಾಕು, ನಾವೇ ಸೇತುವೆ ಬಿಚ್ಚಿ ದಂಡೆಯ ಮೇಲಿಡುತ್ತೇವೆ. ಇದಕ್ಕೆ ಕೆಳಗೆ ಸಹಿ ಮಾಡಿದವರು ಹೊಣೆ.'

ಒಂದೇ ಪುಟವಾಯಿತು. ಸಾಹೇಬರು ಓದಿ, ಒಳಗೆ ಹೋಗಿ ತಾವೇ ಚಹಾ ಮಾಡಿಕೊಂಡು ಬಂದರು.

ಸಹಿಯ ಕೆಲಸ ಸುಲಭವಾಗಲಿಲ್ಲ. ಹಿಂದೆ ಹಾಳೆ ತುಂಬಿಸಿದವರು ಈಗ 'ಹೊಣೆ' ಎಂಬಲ್ಲಿಗೆ ಬಂದೊಡನೆ ಮನೆಯವರನ್ನು ಕೇಳಿ ಹೇಳುತ್ತೇನೆ ಎಂದರು. ಯಾರನ್ನೂ ದೂರುವುದಿಲ್ಲ. ಬಾಡಿಗೆಗಿರುವವರು, ನಾಳೆ ಎಲ್ಲಿರುತ್ತೇವೆಂದು ಗೊತ್ತಿಲ್ಲದವರು. ಕೊನೆಗೆ ನನ್ನ ಸಹಿಯ ಕೆಳಗೆ ಒಂದೇ ಒಂದು ಹೆಸರು ಬಂತು. ನಮ್ಮ ಸಾಲಿನ ಕೊನೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಮರಾಠಿ ಹೆಂಗಸು, ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ; ಗಂಡ ತೀರಿಕೊಂಡವರು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿ, ಅವರ ಭಾಷೆಯಲ್ಲಿ, "ಬಿಚ್ಚುವ ದಿನ ಸ್ಪ್ಯಾನರು ನನಗೂ ಒಂದು ಕೊಡು. ಗಿರಣಿಯ ನಟ್ಟು ನಾನೇ ಬಿಗಿಯುವವಳು" ಎಂದರು.

ಎರಡೇ ಸಹಿ. ನನಗೆ ನಾಚಿಕೆಯಾಯಿತು, ಆದರೂ ಕಳಿಸಿದೆ.

ಮುಂದಿನ ಸರದಿಯ ನೀರು ಬಿಟ್ಟ ವಾರದಲ್ಲೇ ಜೀಪೊಂದು ಬಂತು. ಕಿರಿಯ ಎಂಜಿನಿಯರರು ದಂಡೆಯ ಮೇಲೆ ನಿಂತು ನೀರನ್ನು ನೋಡಿದರು, ಆ ಕಡೆಯ ಶಾಲೆಯನ್ನು ನೋಡಿದರು, ಶಾಲೆಯ ಹೊತ್ತಿನಲ್ಲಿ ಈ ಕಡೆ ಆಡುತ್ತಿದ್ದ ಮಕ್ಕಳನ್ನೂ ನೋಡಿದರು. ನನ್ನನ್ನು ಕೇಳಿದ್ದು ಒಂದೇ: ಎಷ್ಟು ಬೋಲ್ಟು, ಯಾವ ಅಳತೆಯದು? ಹೇಳಿದೆ. ಬರೆದುಕೊಂಡರು. ತಿಂಗಳೊಪ್ಪತ್ತಿನಲ್ಲಿ ಅಪ್ಪಣೆ ಬಂತು. ತಾತ್ಪೂರ್ತಿಕ, ಅಂದರೆ ಸದ್ಯಕ್ಕೆ ಮಾತ್ರ ಎಂದು ಅದರಲ್ಲಿ ಎರಡು ಕಡೆ ಬರೆದಿತ್ತು.

ಕಾಲುವೆ ಒಣಗಿದ ಮೇಲೆ ಎರಡು ರವಿವಾರ ಹಿಡಿಯಿತು. ಸಹಿ ಹಾಕದವರೂ ಕಬ್ಬಿಣ ಹೊರಲು ಬಂದರು, ಒಬ್ಬರೂ ತಪ್ಪಿಸಲಿಲ್ಲ. ಬೋಲ್ಟಿನ ತೂತುಗಳು ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದೆ ಕೂಡಿದಾಗ, ಬಿಚ್ಚಲು ಬರುವಂಥದ್ದನ್ನು ಮಾಡುವುದು ಬೆಸೆಯುವುದಕ್ಕಿಂತ ನಾಜೂಕಿನ ಕೆಲಸವೆಂದು ನನಗೇ ತಿಳಿಯಿತು. ಮರಳಿನ ಚೀಲ ಹೇರಿ, ಅದರ ಮೇಲೆ ಗಟ್ಟಿಮುಟ್ಟಾದ ಹಮಾಲರನ್ನು ನಿಲ್ಲಿಸಿ ಎಂಜಿನಿಯರರು ಪರೀಕ್ಷೆ ಮಾಡಿದರು. ಅಲುಗಲಿಲ್ಲ.

ನೀರು ಬಿಟ್ಟ ದಿನ ನಾನು ಕೆಲಸಕ್ಕೆ ತಡವಾಗಿ ಹೋದೆ. ಮಗಳ ಕೈ ಹಿಡಿಯಲು ಹೋದರೆ ಕೊಸರಿಕೊಂಡು, "ಪಪ್ಪಾ, ಸೋಡಾ ನಾ!" ಎಂದಳು. ಬಿಡಿ ಎನ್ನುವುದನ್ನು ಕನ್ನಡದಲ್ಲಿ ಹೇಳು ಎಂದು ಬೈಯುವಷ್ಟರಲ್ಲಿ ಆ ದಂಡೆಯಲ್ಲಿದ್ದಳು. ಕೆಳಗೆ ಕೆಂಪು ನೀರು ದಡಕ್ಕೆ ತಾಗಿ ಹರಿಯುತ್ತಿತ್ತು. ಅವಳು ಒಮ್ಮೆಯೂ ಕೆಳಗೆ ನೋಡಲಿಲ್ಲ, ಹಿಂದಕ್ಕೂ ನೋಡಲಿಲ್ಲ.

ಸಂಜೆ ಹೆಂಡತಿ ಅಂಗಡಿಯ ಫೋನಿನಿಂದ ಊರಿನಲ್ಲಿದ್ದ ಅವ್ವನ ಜೊತೆ ಮಾತಾಡಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

"ಇಲ್ಲಬೇ, ಕಳಸಂಗಿಲ್ಲ. ಇಲ್ಲೇ ಕಲೀತಾಳ. ಸೂಟಿಗೆ ಬರತೇವಿ, ಮೂರೂ ಮಂದಿ."