ವ್ಯಾನಿನೊಳಗಿನ ಬಿಸಿಲು

ಮೂರು ಬೇಸಿಗೆ ನಾನು ರಾಯಚೂರಿನ ಸೂರ್ಯನನ್ನು ಬಾಯಿಗೆ ಬಂದಂತೆ ಬೈದಿದ್ದೇನೆ. ನಾನು, ನನ್ನ ಹೆಂಡತಿ ಹಳೆಯ ವ್ಯಾನಿನಲ್ಲಿ ಸ್ಟೀಲ್ ಪಾತ್ರೆ ತುಂಬಿಕೊಂಡು ದೇವದುರ್ಗ, ಮಾನ್ವಿಯ ಸಂತೆಗಳಿಗೆ ಹೋಗುವವರು. ಕಿಟಕಿಯಿಂದ ಬರುವ ಗಾಳಿ ಸಾಲದೆಂದು ಡ್ಯಾಶ್‌ಬೋರ್ಡಿನ ಫ್ಯಾನನ್ನೂ ಸದಾ ಹಾಕಿಡುತ್ತಿದ್ದೆ. ಮೊದಲ ಬೇಸಿಗೆಯಲ್ಲೇ ಅವಳು ಹೇಳಿದ್ದಳು, “ಕಾಲು ಸುಡಾಕತ್ತಾವ್ರೀ. ಒಳಗಿಂದನ ಝಳ ಬರಾಕತ್ತದ.”

“ರಾಯಚೂರಾಗ ಹುಟ್ಟಿ ಬಿಸಲಿಗಿ ಅಂಜತಿ ಏನು?” ಎಂದು ಗದರಿ ಬಾಯಿ ಮುಚ್ಚಿಸಿದ್ದೆ.

ಈ ವರ್ಷ ಫ್ಯಾನು ಗರಗರ ಸದ್ದು ಮಾಡಿ ನಿಂತೇಬಿಟ್ಟಿತು. ಮಾನ್ವಿಯ ಮೆಕ್ಯಾನಿಕ್ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮೋಟಾರು ಬಿಚ್ಚಿದ. ಧೂಳು ಕೊಡವಿ, ಸವೆದ ಬ್ರಷ್ ಬದಲಿಸಿ, ಮತ್ತೆ ಕೂರಿಸಿ ಎಂಜಿನ್ ಚಾಲೂ ಮಾಡಿದ. ಫ್ಯಾನು ಜೋರಾಗಿ ತಿರುಗಿತು. ಗಾಳಿಗೆ ಕೈಯೊಡ್ಡಿದವನು ಕಾದ ಹಂಚು ಮುಟ್ಟಿದವನಂತೆ ಹಿಂದಕ್ಕೆ ಎಳೆದುಕೊಂಡ.

“ಯಪ್ಪಾ, ಹೀಟರ್ ಚಾಲೂ ಅದಲ್ರೀ! ಕೇಬಲ್ ಕಳಚಿಬಿಟ್ಟದ, ಬಂದ್ ಆಗಂಗೇ ಇಲ್ಲ. ಎಷ್ಟ ದಿನ ಆತು ಹಿಂಗಾಗಿ?”

ಹೀಟರು! ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ, ಮೂರು ವರ್ಷ, ಒಲೆ ಹೊತ್ತಿಸಿ ಅವಳ ಪಾದದ ಮುಂದಿಟ್ಟುಕೊಂಡು ಓಡಾಡಿದ್ದೆ. ಅವನು ಕೇಬಲ್ ಸಿಕ್ಕಿಸಿದ್ದೇ ತಡ, ಗಾಳಿಯ ಝಳ ಇಳಿಯಿತು.

ವಾಪಸ್ ಬರುವಾಗ ಕಲ್ಲೂರು ದಾಟಿದೆವು. ಹೆಂಡತಿ ಚಪ್ಪಲಿ ಕಳಚಿ, ಕಾಲು ನೀಡಿ, ರಸ್ತೆ ನೋಡುತ್ತಲೇ ಅಂದಳು:

“ಅಂವ ಒಂದ ಸಲ ಹೇಳಿದ. ನಂಬಿದ್ರಿ.”